ಕಾಯುವ ಪಟ್ಟಿ ಸೇರುವ ಮೊದಲೇ ಹಿಂದೆ ಬಿದ್ದವರ ಪರವಾಗಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ರಾಜ್ಯದಲ್ಲಿ ಅಂಗಾಂಗ ದಾನ, ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಹಿರಿಯ ಅಧಿಕಾರಿಗಳಿಗೆ,

ಕುಮಟಾ ತಾಲೂಕಿನಿಂದ ಗೌರವಪೂರ್ವಕ ನಮಸ್ಕಾರಗಳು.

ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟ ಕಿಡ್ನಿ, ಲಿವರ್, ಹೃದಯ ಯಾರಿಗೆ ಸೇರಬೇಕು ಎಂದು ತೀರ್ಮಾನಿಸುವ ವ್ಯವಸ್ಥೆ ನಿಮ್ಮ ಕೈಯಲ್ಲಿದೆ. ಅದಕ್ಕಿಂತ ಕಠಿಣವಾದ ಕೆಲಸ ಸರ್ಕಾರದಲ್ಲಿ ಬೇರೆ ಇರಲಾರದು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಇಲ್ಲವಾದವರಲ್ಲಿ ಕೆಲವರು ಮುಂದಿನ ಅವಕಾಶದವರೆಗೆ ಉಳಿಯುವುದಿಲ್ಲ. 2023ರಲ್ಲಿ ಇಡೀ ಕರ್ನಾಟಕದಲ್ಲಿ ಮರಣಾನಂತರ ಅಂಗಾಂಗ ದಾನ ಮಾಡಿದವರು 178 ಮಂದಿ. ದೇಶದಲ್ಲೇ ಮುಂಚೂಣಿಯಲ್ಲಿರುವ ರಾಜ್ಯದ ಲೆಕ್ಕ ಇದು. ಕಾಯುವವರು ಸಾವಿರಾರು. ಇಷ್ಟು ಕಡಿಮೆ ಇರುವಾಗ ಹಂಚುವ ರೀತಿಯ ಮೇಲೆ ಜನರಿಗೆ ನಂಬಿಕೆ ಇರಲೇಬೇಕು, ಇಲ್ಲದಿದ್ದರೆ ಕೊಡುವವರೂ ಹಿಂದೆ ಸರಿಯುತ್ತಾರೆ.

ನಮ್ಮ ಕರಾವಳಿಯಲ್ಲಿ ಈ ವಿಷಯ ಎತ್ತಿದ ಕೂಡಲೇ ಬರುವ ಮಾತು ಒಂದೇ: "ದುಡ್ಡಿದ್ದವರಿಗೆ ಸಿಗ್ತದೆ ಬಿಡಿ." ನಾನು ಆ ಮಾತನ್ನು ಒಪ್ಪುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ತಮ್ಮನಿಗೆ ಕಾಯಿಲೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಕೇಳಿದ್ದೇನೆ. ರಕ್ತದ ಗುಂಪು ಹೊಂದಬೇಕು, ಕ್ರಾಸ್‌ಮ್ಯಾಚ್ (ದಾನಿಯ ಜೀವಕೋಶಕ್ಕೆ ರೋಗಿಯ ರಕ್ತ ಪ್ರತಿರೋಧ ತೋರುತ್ತದೆಯೇ ಎಂಬ ಪರೀಕ್ಷೆ) ಸರಿಬರಬೇಕು, ಎಷ್ಟು ಕಾಲ ಕಾದಿದ್ದಾರೆ, ವಯಸ್ಸೆಷ್ಟು, ಡಯಾಲಿಸಿಸ್ ಮಾಡಲು ದೇಹದಲ್ಲಿ ರಕ್ತನಾಳ ಉಳಿದಿದೆಯೇ ಎಂಬುದನ್ನೆಲ್ಲ ನೋಡಿ ಅಂಕ ಕೊಡುತ್ತಾರೆ. ಮಕ್ಕಳಿಗೆ ಹೆಚ್ಚಿನ ಅಂಕ. ಹಿಂದೆ ತಾವೇ ಕಿಡ್ನಿ ದಾನ ಮಾಡಿ ಈಗ ತಮಗೇ ಬೇಕಾದವರಿಗೆ ಇನ್ನೂ ಹೆಚ್ಚು. ಈ ಲೆಕ್ಕದಲ್ಲಿ ಬ್ಯಾಂಕಿನ ಪಾಸ್‌ಬುಕ್‌ಗೆ ಜಾಗವಿಲ್ಲ. 1994ರ ಕಾಯ್ದೆ ಅಂಗಾಂಗ ಮಾರಾಟವನ್ನು ಅಪರಾಧ ಎಂದಿದೆ. 2023ರಲ್ಲಿ ಕೇಂದ್ರ ಸರ್ಕಾರ ವಾಸಸ್ಥಳದ ಷರತ್ತನ್ನೂ 65 ವರ್ಷದ ವಯೋಮಿತಿಯನ್ನೂ ತೆಗೆದು, ನೋಂದಣಿಗೆ ಶುಲ್ಕ ಪಡೆಯಬೇಡಿ ಎಂದು ರಾಜ್ಯಗಳಿಗೆ ತಿಳಿಸಿತು. ಇವೆಲ್ಲ ಒಳ್ಳೆಯ ಕೆಲಸಗಳೇ.

ನನ್ನ ತಕರಾರು ಪಟ್ಟಿಯೊಳಗಿನ ಲೆಕ್ಕದ ಬಗ್ಗೆ ಅಲ್ಲ, ಪಟ್ಟಿಯವರೆಗಿನ ದಾರಿಯ ಬಗ್ಗೆ. ಹೆಸರು ಬರೆಸುವ ಹೊತ್ತಿಗೇ ಉತ್ತರ ಕನ್ನಡದವರು ಎಷ್ಟೋ ಹಿಂದೆ ಬಿದ್ದಿರುತ್ತಾರೆ. ಆಮೇಲೆ ಅಂಕ ಎಷ್ಟೇ ಪ್ರಾಮಾಣಿಕವಾಗಿ ಕೊಟ್ಟರೂ ಆ ಅಂತರ ತುಂಬುವುದಿಲ್ಲ.

ನನ್ನ ತಮ್ಮ ಟೆಂಪೊ ಓಡಿಸುತ್ತಿದ್ದವನು. ಬಿ.ಪಿ. ಏರಿದ್ದು ಗೊತ್ತಾಗುವಷ್ಟರಲ್ಲಿ ಕಿಡ್ನಿ ಎರಡೂ ಸೋತಿದ್ದವು. ಈಗ ವಾರಕ್ಕೆ ಎರಡು ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂದು ಮಾತು ಮೊದಲೇ ಹೇಳಬೇಕು: ತಾಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಬಂದಿರದಿದ್ದರೆ ನಮ್ಮಂಥವರ ಮನೆಯ ಎಷ್ಟೋ ಜನ ಇಷ್ಟರಲ್ಲಿ ಇರುತ್ತಿರಲಿಲ್ಲ. ಅಲ್ಲಿನ ಟೆಕ್ನಿಶಿಯನ್‌ಗಳು ಹಬ್ಬದ ದಿನವೂ ಬಂದು ಮಶಿನ್ ಹಚ್ಚುತ್ತಾರೆ, ಅವರ ಋಣ ದೊಡ್ಡದು. ಆದರೆ ಡಯಾಲಿಸಿಸ್ ಎಂದರೆ ಬದುಕನ್ನು ಮುಂದೂಡುತ್ತ ಹೋಗುವುದು. ಅವನ ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಎರಡು ರಕ್ತನಾಳ ಸೇರಿಸಿ ಹೊಲಿದದ್ದು) ಮಾಡಿದ ಜಾಗ ಹಗ್ಗದ ಗಂಟಿನಂತೆ ಉಬ್ಬಿದೆ. ಬೆರಳಿಟ್ಟರೆ ಒಳಗೆ ರಕ್ತ ಗುಂಯ್‌ಗುಡುವುದು ತಿಳಿಯುತ್ತದೆ. ಬೆಳಿಗ್ಗೆ ಎದ್ದವನು ಮೊದಲು ಅಲ್ಲಿ ಕೈ ಇಟ್ಟು ನೋಡುತ್ತಾನೆ, ಆ ಗುಂಯ್ ನಿಂತರೆ ಸೂಜಿ ಚುಚ್ಚಲು ಜಾಗವಿಲ್ಲ ಎಂದು ಅವನಿಗೆ ಗೊತ್ತು. ನಾಲ್ಕು ತಾಸು ಮಶಿನ್ನಿಗೆ ಕಟ್ಟಿಸಿಕೊಂಡು, ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದು ಕೂತು, ಸ್ಕೂಟರಿನ ಹಿಂದೆ ಮನೆಗೆ ಬಂದರೆ ಮರುದಿನ ಮಧ್ಯಾಹ್ನದವರೆಗೆ ಏಳಲಾಗುವುದಿಲ್ಲ. ಸಮುದ್ರದ ಬದಿಗೆ ಹುಟ್ಟಿದವನಿಗೆ ಒಣಮೀನಿಲ್ಲ, ಅಂಗಳದ ತುಂಬ ತೆಂಗಿನ ಮರವಿದ್ದರೂ ಎಳನೀರಿಲ್ಲ. ಬಾಳೆಹಣ್ಣೂ ಇಲ್ಲ. ನೀರು ಕೂಡ ಸ್ಟೀಲ್ ಲೋಟದಲ್ಲಿ ಅಳೆದು.

ನಾನು ಕಿಡ್ನಿ ಕೊಡುತ್ತೇನೆ ಎಂದೆ. ಅವನದು ಒ ಗುಂಪು, ನನ್ನದು ಬಿ. ಅವನ ಹೆಂಡತಿಯದು ಎ. ಒ ಗುಂಪಿನವರು ಎಲ್ಲರಿಗೂ ಕೊಡಬಹುದು, ಆದರೆ ಒ ಗುಂಪಿನವರಿಂದ ಮಾತ್ರ ಪಡೆಯಬೇಕು. ಹಾಗಾಗಿ ಉಳಿದದ್ದು ಮೃತ ದಾನಿಗಳ ಪಟ್ಟಿಯೊಂದೇ.

ಕಸಿ ಮಾಡುವ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಹತ್ತು ಸಾವಿರ ಚದರ ಕಿಲೋಮೀಟರ್ ಮೀರಿದ ಜಿಲ್ಲೆ ಇದು. ಕಾರವಾರದವರಿಗೆ ಗೋವಾ ಹತ್ತಿರ, ಆದರೆ ಅದು ಬೇರೆ ರಾಜ್ಯ. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿನತ್ತ ಹೋಗುತ್ತಾರೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಯತ್ತ. ಹೆಸರು ಬರೆಸಬೇಕಾದರೆ ಇಂಥ ಊರಿನ ಪರವಾನಗಿ ಇರುವ ಆಸ್ಪತ್ರೆಗೇ ಹೋಗಬೇಕು, ತಾಲೂಕು ಆಸ್ಪತ್ರೆಯಲ್ಲಿ ಆಗುವುದಿಲ್ಲ. ಒಂದು ಸಲ ಹೋಗಿ ಬಂದರೆ ಮುಗಿಯುವ ಕೆಲಸವೂ ಅಲ್ಲ. ರಕ್ತದ ಪರೀಕ್ಷೆಗಳು, ದಾನಿಯೊಂದಿಗೆ ಅಂಗಾಂಶ ಹೊಂದುವುದೇ ಎಂದು ನೋಡುವ ಎಚ್‌ಎಲ್‌ಎ, ಹೃದಯದ ಸ್ಕ್ಯಾನ್ ಆದ ಎಕೋ, ಹೃದಯದ ಡಾಕ್ಟರ ಅಭಿಪ್ರಾಯ, ಹಲ್ಲಿನ ತಪಾಸಣೆ, ಹೆಪಟೈಟಿಸ್ ಬಿ ಲಸಿಕೆಯ ಡೋಸುಗಳು. ಒಂದು ವರದಿ ಬರುವಾಗ ಇನ್ನೊಂದು ಹಳತಾಗಿರುತ್ತದೆ. ಇದೆಲ್ಲ ಡಯಾಲಿಸಿಸ್ ಇಲ್ಲದ ದಿನಗಳಲ್ಲೇ ಆಗಬೇಕು, ಅವು ಅವನು ಏಳಲಾಗದೆ ಮಲಗುವ ದಿನಗಳು. ಜೊತೆಗೆ ಹೋಗುವವರ ಒಂದು ದಿನದ ಕೂಲಿಯೂ ಹೋಯಿತು.

ಮಳೆಗಾಲದ ಮಾತು ಬೇರೆಯೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಮೂರು ವಾರ ಕಳೆದಿತ್ತಷ್ಟೇ, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆಯೇ ಮುರಿದು ಬಿತ್ತು. ಘಟ್ಟದ ರಸ್ತೆಗಳನ್ನಂತೂ ಆ ದಿನಗಳಲ್ಲಿ ನಂಬುವಂತಿಲ್ಲ. ಬೆಂಗಳೂರಿನ ರೋಗಿಗೆ ಆಟೋ ಹತ್ತಿ ಹೋಗಿ ಕೊಡುವ ರಕ್ತದ ಸ್ಯಾಂಪಲ್ ನಮ್ಮವರಿಗೆ ಹವಾಮಾನ ಇಲಾಖೆಯ ರೆಡ್ ಅಲರ್ಟ್ ನೋಡಿಕೊಂಡು ಮಾಡುವ ಪ್ರಯಾಣ.

ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ (ಹೆಸರು ಹೇಳುವುದು ಈ ಪತ್ರದ ಉದ್ದೇಶವಲ್ಲ) ನೋಂದಣಿ ಫಾರ್ಮ್ ಕೊಡುವ ಮೊದಲು ನಮ್ಮನ್ನು ಕೂರಿಸಿ ಕೇಳಿದ ಪ್ರಶ್ನೆಗಳು ಇವು: ತಿಂಗಳ ಆದಾಯ ಎಷ್ಟು? ಕಸಿಯ ನಂತರದ ಔಷಧಿಗೆ ಯಾರು ಕೊಡುತ್ತಾರೆ? ಈ ಊರಿನಲ್ಲಿ ಬಾಡಿಗೆ ಮನೆ ಮಾಡಲು ಆಗುತ್ತದೆಯೇ? ಫೋನ್ ಬಂದ ಎರಡು ತಾಸಿನಲ್ಲಿ ಬಂದು ಮುಟ್ಟುತ್ತೀರಾ? ನನ್ನ ತಮ್ಮ ಉತ್ತರ ಕೊಡಲಿಲ್ಲ, ನನ್ನ ಮುಖ ನೋಡಿದ. ಕೌಂಟರಿನವರು ಬಹಳ ಸೌಜನ್ಯದಿಂದಲೇ, "ಎಲ್ಲ ವ್ಯವಸ್ಥೆ ಮಾಡ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕೇಳಿದ್ದು ಇಷ್ಟೇ: "ಅಕ್ಕಾ, ಎಂತಕ್ಕೆ ಇಷ್ಟೆಲ್ಲ? ಬರೀ ಹೆಸ್ರು ಬರ್ಸೂಕೆ ಅಲ್ವಾ ನಾವು ಹೋದದ್ದು?"

ಆ ಪ್ರಶ್ನೆಗಳಿಗೆ ಕಾರಣವಿದೆ, ನನಗೆ ಗೊತ್ತು. ಕಸಿಯಾದ ಮೇಲೆ ಜೀವಮಾನವಿಡೀ ಮಾತ್ರೆ ನುಂಗಬೇಕು. ಮಾತ್ರೆ ತಪ್ಪಿದರೆ ದೇಹ ಆ ಕಿಡ್ನಿಯನ್ನು ಒಪ್ಪುವುದಿಲ್ಲ, ಅಷ್ಟು ಅಪರೂಪದ ದಾನ ವ್ಯರ್ಥ. ಆದರೆ ಆ ಪ್ರಶ್ನೆಗಳು ಸಹಾಯ ಮಾಡಲು ಕೇಳುವ ಪ್ರಶ್ನೆಗಳಾಗಿರಬೇಕು. "ಔಷಧಿಗೆ ದುಡ್ಡಿಲ್ಲವೇ, ಬಿಪಿಎಲ್ ಕುಟುಂಬಗಳಿಗೆ ಸರ್ಕಾರದ ಅಂಗಾಂಗ ಕಸಿ ಯೋಜನೆ ಇದೆ, ಬನ್ನಿ ಅರ್ಜಿ ತುಂಬೋಣ" ಎನ್ನಬೇಕಾದ ಜಾಗದಲ್ಲಿ ಅದೇ ಪ್ರಶ್ನೆ ಬಾಗಿಲು ಮುಚ್ಚುವುದಕ್ಕೆ ಬಳಕೆಯಾಯಿತು. ಆ ದಿನ ನಮ್ಮ ಹೆಸರು ಎಲ್ಲೂ ದಾಖಲಾಗಲಿಲ್ಲ. ನಿರಾಕರಿಸಿದರು ಎಂದು ಬರೆದ ಒಂದು ಚೀಟಿಯೂ ಇಲ್ಲ. ನಿಮ್ಮ ಪಟ್ಟಿಯನ್ನು ಯಾರು ಎಷ್ಟೇ ಪರಿಶೀಲಿಸಿದರೂ ಈ ಅನ್ಯಾಯ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ನಡೆದದ್ದು ಪಟ್ಟಿಯ ಹೊರಗೆ.

ಇಂಥದ್ದು ಹೊಸತೂ ಅಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಮೊದಲ ಬಾರಿಗೆ ದೀರ್ಘಾವಧಿ ಡಯಾಲಿಸಿಸ್ ಕೇಂದ್ರ ತೆರೆದಾಗ ಮಶಿನ್ ಕೆಲವೇ ಕೆಲವು, ರೋಗಿಗಳು ಬಹಳ. ಯಾರಿಗೆ ಕೊಡಬೇಕು ಎಂದು ಆರಿಸಲು ಊರಿನ ಏಳು ಜನರ ಸಮಿತಿ ಮಾಡಿದರು. ಪಾದ್ರಿ, ವಕೀಲ, ಬ್ಯಾಂಕಿನವರು, ಗೃಹಿಣಿ ಹೀಗೆ. ಅವರು ರೋಗಿಯ ಆದಾಯ, ಉದ್ಯೋಗ, ಓದು, ಮಕ್ಕಳೆಷ್ಟು, ಚರ್ಚಿಗೆ ಹೋಗುತ್ತಾನೆಯೇ ಎಂಬುದನ್ನೆಲ್ಲ ತೂಗಿ ನೋಡಿದರು. 1962ರಲ್ಲಿ ಅದು ಪತ್ರಿಕೆಯಲ್ಲಿ ಬಂದಾಗ ಜನ ಬೆಚ್ಚಿಬಿದ್ದರು. ಯಾರ ಬದುಕಿಗೆ ಬೆಲೆ ಹೆಚ್ಚು ಎಂದು ಮನುಷ್ಯರು ಕೂತು ಹೇಳಬಹುದೇ ಎಂಬ ಚರ್ಚೆ ಅಲ್ಲಿಂದ ಬೆಳೆಯಿತು. ಇವತ್ತಿನ ಅಂಕಗಳ ಪದ್ಧತಿಯ ಹಿಂದೆ ಆ ಪಾಠವೂ ಇದೆ. ಸಮಿತಿಯನ್ನು ಪಟ್ಟಿಯಿಂದ ಹೊರಗೆ ಹಾಕಿದೆವು, ಸರಿ. ಆದರೆ ಕೌಂಟರಿನಲ್ಲಿ ಕೂತು ಆದಾಯ ಮತ್ತು ಬಾಡಿಗೆ ಮನೆ ವಿಚಾರಿಸುವಾಗ ಅದೇ ಸಮಿತಿ ಏಳು ಜನರಿಲ್ಲದೆ, ಟಿಪ್ಪಣಿ ಪುಸ್ತಕವಿಲ್ಲದೆ, ಮತ್ತೆ ನಡೆಯುತ್ತಿದೆ.

ಅದಕ್ಕೆ ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ: ಕಿಡ್ನಿಗೆ ಕಾದ ಕಾಲವನ್ನು ಮೊದಲ ಡಯಾಲಿಸಿಸ್ ಆದ ದಿನದಿಂದ ಎಣಿಸಿ. ಎಲ್ಲಿ ಆಗಿದ್ದರೂ ಸರಿ. ಕುಮಟಾದಲ್ಲಾಗಲಿ, ಜೊಯಿಡಾದವನು ದಾಂಡೇಲಿಗೆ ಬಂದು ಮಾಡಿಸಿಕೊಂಡಿರಲಿ, ಸರ್ಕಾರಿ ಡಯಾಲಿಸಿಸ್ ಘಟಕದ ರಿಜಿಸ್ಟರಿನಲ್ಲಿ ದಿನಾಂಕ ಇದೆ, ಸಹಿ ಇದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಡಯಾಲಿಸಿಸ್‌ನಲ್ಲಿ ಕಳೆದ ತಿಂಗಳುಗಳಿಗೆ ಅಂಕ ಕೊಡಬೇಕು ಎಂದು ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ ನೊಟ್ಟೊದ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ರಾಜ್ಯದ ಪ್ರತಿಯೊಂದು ಕಸಿ ಆಸ್ಪತ್ರೆಯೂ ಅದನ್ನು ಮೊದಲ ದಿನದಿಂದಲೇ ಎಣಿಸುವಂತೆ, ತಾಲೂಕು ಆಸ್ಪತ್ರೆಯ ದಾಖಲೆಯನ್ನು ಮರುಮಾತಿಲ್ಲದೆ ಒಪ್ಪುವಂತೆ, ಸ್ಪಷ್ಟವಾದ ಆದೇಶ ಕನ್ನಡದಲ್ಲಿ ಹೊರಬರಲಿ, ಡಯಾಲಿಸಿಸ್ ಕೋಣೆಯ ಗೋಡೆಗೆ ಅಂಟಿಸಲಿ.

ಅಮೆರಿಕದಲ್ಲಿ 2014ರ ಡಿಸೆಂಬರ್‌ನಿಂದ ಹೀಗೇ ಮಾಡುತ್ತಿದ್ದಾರೆ. ರೋಗಿ ಎಷ್ಟು ತಡವಾಗಿ ಹೆಸರು ಬರೆಸಿದರೂ ಡಯಾಲಿಸಿಸ್ ಶುರುವಾದ ದಿನದಿಂದಲೇ ಅವನ ಸರದಿ. ಬಡವರು, ಕಪ್ಪು ವರ್ಣೀಯರು, ದೂರದ ಊರಿನವರು ನೋಂದಣಿಗೆ ಬರುವುದೇ ತಡ ಎಂಬುದನ್ನು ಗಮನಿಸಿ ಮಾಡಿದ ಬದಲಾವಣೆ ಅದು. ಆಮೇಲೆ ಇನ್ನೊಂದು ಹೆಜ್ಜೆ ಇಟ್ಟರು. ಕಪ್ಪು ವರ್ಣೀಯರ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರಿಸುತ್ತಿದ್ದ ಒಂದು ಲೆಕ್ಕದ ಸೂತ್ರವಿತ್ತು. ಅದನ್ನು 2022ರಲ್ಲಿ ಕೈಬಿಟ್ಟು, ಅದರಿಂದ ತಡವಾದವರ ಕಾಯುವ ದಿನಾಂಕವನ್ನು 2023ರಿಂದ ಹಿಂದಕ್ಕೆ ಸರಿಸಿ ಸರಿಪಡಿಸಿದರು. ಕಳೆದುಹೋದ ಕಾಲವನ್ನು ವಾಪಸು ಕೊಡಲು ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ದೂರದ ನೆಪಕ್ಕೂ ಒಂದು ಮಾತು. ಹೃದಯವನ್ನು ತೆಗೆದ ಮೇಲೆ ನಾಲ್ಕರಿಂದ ಆರು ತಾಸಿನೊಳಗೆ ಜೋಡಿಸಬೇಕು. ಅಲ್ಲಿ ಹತ್ತಿರದವರಿಗೆ ಆದ್ಯತೆ ಕೊಡುವುದನ್ನು ಯಾರೂ ಪ್ರಶ್ನಿಸಲಾರರು. ಕಿಡ್ನಿ ಹಾಗಲ್ಲ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಂದು ದಿನದವರೆಗೂ ತಡೆಯುತ್ತದೆ. ಬೇಗ ಆದಷ್ಟು ಒಳ್ಳೆಯದು, ನಿಜ. ಆದರೂ ಕುಮಟಾದಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಮುಟ್ಟಲು ನಾಲ್ಕೈದು ತಾಸು ಸಾಕು. ಎರಡು ತಾಸಿನ ಷರತ್ತು ವೈದ್ಯಶಾಸ್ತ್ರದ್ದಲ್ಲ, ಆಸ್ಪತ್ರೆಯ ಅನುಕೂಲದ್ದು. ಫೋನ್ ಬಂದ ರಾತ್ರಿ ರೋಗಿಯನ್ನು ಒಯ್ಯಲು 108 ಆಂಬುಲೆನ್ಸ್ ಕೊಡಿ. ಅಂಗಾಂಗ ಸಾಗಿಸಲು ಜೀರೋ ಟ್ರಾಫಿಕ್ ಮಾಡುತ್ತೀರಿ, ಅದನ್ನು ಪಡೆಯುವ ಮನುಷ್ಯನಿಗೆ ಒಂದು ವಾಹನ ದೊಡ್ಡದಲ್ಲ.

ಇನ್ನು ಕೊಡುವವರ ವಿಷಯ. ಇದನ್ನು ಬಿಟ್ಟು ನ್ಯಾಯದ ಮಾತು ಆಡುವುದು ಅರ್ಧ ಮಾತಾಗುತ್ತದೆ. ಹೆದ್ದಾರಿ 66ರ ಅಪಘಾತಗಳಲ್ಲಿ ತಲೆಗೆ ಪೆಟ್ಟಾಗಿ ಮೆದುಳು ನಿಷ್ಕ್ರಿಯವಾಗುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಮನೆಯವರನ್ನು ದಾನದ ಬಗ್ಗೆ ಕೇಳಲಾಗುತ್ತದೆ? ಬಹಳ ಸಲ ಕೇಳುವ ಪರಿಸ್ಥಿತಿಯೇ ಬರುವುದಿಲ್ಲ. ಗಂಭೀರ ಗಾಯಾಳುವನ್ನು ಇಲ್ಲಿಂದ ಹೊರ ಜಿಲ್ಲೆಗೆ ಕಳಿಸುವುದೇ ರೂಢಿ. ಆ ಓಡಾಟದ ಬೆಲೆ ಏನೆಂದು 2022ರ ಜುಲೈ 20ರಂದು ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಇಡೀ ರಾಜ್ಯ ನೋಡಿತು. ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಗುಚಿ ನಾಲ್ವರು ಪ್ರಾಣ ಬಿಟ್ಟರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯ ಜನ ಆ ಮೊದಲೂ, ಆಮೇಲೂ ಕೂಗುತ್ತಲೇ ಇದ್ದಾರೆ.

ಹಂಚಿಕೆಯ ನಿಯಮದಲ್ಲಿ ದಾನ ನಡೆದ ಆಸ್ಪತ್ರೆಗೂ ಒಂದು ಪಾಲಿದೆ. ಎರಡು ಕಿಡ್ನಿಗಳಲ್ಲಿ ಒಂದು ಅದೇ ಆಸ್ಪತ್ರೆಯಲ್ಲಿ ನೋಂದಾಯಿಸಿದ ರೋಗಿಗೆ, ಇನ್ನೊಂದು ಸಾಮಾನ್ಯ ಪಟ್ಟಿಗೆ. ಆಸ್ಪತ್ರೆಗಳು ಮೆದುಳು ನಿಷ್ಕ್ರಿಯ ಎಂದು ಗುರುತಿಸುವ, ಮನೆಯವರೊಂದಿಗೆ ಮಾತಾಡುವ ಕಷ್ಟದ ಕೆಲಸ ಮಾಡಲಿ ಎಂಬ ಉದ್ದೇಶ ಅದರ ಹಿಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪರಿಣಾಮ ಮಾತ್ರ ನೋಡಿ: ದಾನಿಗಳು ಹೆಚ್ಚು ಬರುವ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿದವನಿಗೆ ಎರಡು ದಾರಿ, ಉಳಿದವನಿಗೆ ಒಂದೇ. ಆ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಲು ಯಾರಿಗೆ ಸಾಧ್ಯ ಎಂಬುದನ್ನು ಮೇಲೆ ಹೇಳಿದ್ದೇನೆ. ನಮ್ಮ ಊರಿನವನು ಅಲ್ಲಿ ಹೋಗಿ ಪ್ರಾಣಬಿಟ್ಟರೆ ಅವನ ಒಂದು ಕಿಡ್ನಿ ಆ ಆಸ್ಪತ್ರೆಯ ಪಾಲು. ನಮ್ಮ ಊರಿನ ರೋಗಿ ಆ ಆಸ್ಪತ್ರೆಯ ಲೆಕ್ಕದಲ್ಲೇ ಇಲ್ಲ.

ಕಾನೂನು ಇದಕ್ಕೆ ದಾರಿ ಕೊಟ್ಟಿದೆ. 2011ರ ತಿದ್ದುಪಡಿಯ ಪ್ರಕಾರ ಕಸಿ ಮಾಡದ ಆಸ್ಪತ್ರೆಯೂ ಅಂಗಾಂಗ ಪಡೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ಐಸಿಯು, ಆಪರೇಷನ್ ಥಿಯೇಟರ್ ಇದ್ದರೆ ಅಂಗಾಂಗ ತೆಗೆಯುವ ತಂಡ ಹೊರಗಿನಿಂದ ಬರಬಹುದು. ಮೆದುಳು ನಿಷ್ಕ್ರಿಯ ಎಂದು ನಾಲ್ಕು ವೈದ್ಯರು ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢೀಕರಿಸಬೇಕು. ನರರೋಗ ತಜ್ಞರು ಸಿಗದ ಕಡೆ ಅರಿವಳಿಕೆ ತಜ್ಞರೋ ತೀವ್ರ ನಿಗಾ ತಜ್ಞರೋ ಆ ಜಾಗ ತುಂಬಬಹುದು ಎಂದು ಅದೇ ತಿದ್ದುಪಡಿ ಹೇಳಿದೆ. ನಮ್ಮಂಥ ಜಿಲ್ಲೆಗಳನ್ನು ಮನಸ್ಸಿನಲ್ಲಿಟ್ಟೇ ಬರೆದಂತಿದೆ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಿಂದ ಇದೆ, ಶಿರಸಿ ಘಟ್ಟದ ಮೇಲಿನ ತಾಲೂಕುಗಳಿಗೆ ಕೇಂದ್ರ. ಈ ಎರಡು ಕಡೆ ದಾನಿಯನ್ನು ಗುರುತಿಸಿ ಕಾಪಾಡಿಕೊಳ್ಳುವ, ಮನೆಯವರಿಗೆ ಅವರ ಭಾಷೆಯಲ್ಲಿ, ಕನ್ನಡವೋ ಕೊಂಕಣಿಯೋ ನವಾಯತಿಯೋ, ತಾಳ್ಮೆಯಿಂದ ವಿವರಿಸುವ ಸಂಯೋಜಕರು ಬೇಕು. ದಾನಿಯನ್ನು ಹಾಗೆ ಕಾಪಾಡಿಕೊಳ್ಳುವ ಖರ್ಚಿಗೆ ಮನೆಯವರಿಂದ ಒಂದು ಪೈಸೆಯೂ ಪಡೆಯುವಂತಿಲ್ಲ ಎಂಬ ನಿಯಮವನ್ನು ಅವರಿಗೆ ಮೊದಲೇ ತಿಳಿಸಬೇಕು. ಬೇರೆಡೆ ಆಸ್ಪತ್ರೆಗೆ ಒಂದು ಪಾಲು ಹೋಗುವಂತೆ, ಇಲ್ಲಿ ಸಿಕ್ಕ ದಾನದಲ್ಲಿ ಒಂದು ಕಿಡ್ನಿಯನ್ನು ಜಿಲ್ಲೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ ಮೀಸಲಿಡಿ. ಹೊರಗಿನವರಿಗೆ ಕೊಡಬೇಡಿ ಎನ್ನುತ್ತಿಲ್ಲ. ಇನ್ನೊಂದು ಕಿಡ್ನಿ, ಲಿವರ್, ಹೃದಯ ರಾಜ್ಯದ ಯಾರಿಗೇ ಹೋದರೂ ನಮಗೆ ಸಂತೋಷವೇ.

ಹೆಂಗಸರ ವಿಷಯ ಹೇಳದೆ ಮುಗಿಸಲಾರೆ. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಡತಿ, ತಾಯಿ, ಅಕ್ಕತಂಗಿಯರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಡಯಾಲಿಸಿಸ್ ಕೋಣೆಯಲ್ಲಿ ತಮ್ಮನ ಪಕ್ಕದ ಹಾಸಿಗೆಗೆ ಬರುವ ಹೆಂಗಸೊಬ್ಬರನ್ನು ಪಟ್ಟಿಗೆ ಹೆಸರು ಕೊಟ್ಟಿದ್ದೀರಾ ಎಂದು ಕೇಳಿದೆ. "ಮನೇಲಿ ಯಾರೂ ಆ ಮಾತು ಎತ್ತಲಿಲ್ಲ ತಂಗಿ" ಎಂದರು. ಮಹಿಳಾ ರೋಗಿಗಳಿಗೆ ಆದ್ಯತೆ ಕೊಡಿ ಎಂದು ನೊಟ್ಟೊ 2025ರಲ್ಲಿ ರಾಜ್ಯಗಳಿಗೆ ಸಲಹೆ ಮಾಡಿದೆ. ಅಂಕ ಹೆಚ್ಚಿಸುವುದು ಒಳ್ಳೆಯದೇ. ಆದರೆ ಹೆಸರೇ ಬರೆಸದವಳಿಗೆ ಯಾವ ಅಂಕ? ಡಯಾಲಿಸಿಸ್ ಶುರುವಾಗಿ ಮೂರು ತಿಂಗಳಾದ ಪ್ರತಿ ರೋಗಿಯನ್ನೂ, ಹೆಣ್ಣು ಗಂಡು ನೋಡದೆ, ಆ ಘಟಕದವರೇ ಕರೆದು ಕಸಿಯ ಬಗ್ಗೆ ವಿವರಿಸಿ, ಒಪ್ಪಿದರೆ ಅರ್ಜಿಯನ್ನು ಅಲ್ಲಿಂದಲೇ ಕಳಿಸುವ ಪದ್ಧತಿ ಬಂದರೆ ಅವರ ಹೆಸರೂ ಸೇರುತ್ತದೆ. ಕಸಿ ಆಸ್ಪತ್ರೆಯ ಕಿಡ್ನಿ ತಜ್ಞರು (ನೆಫ್ರಾಲಜಿಸ್ಟ್) ತಿಂಗಳಿಗೊಮ್ಮೆ ಕಾರವಾರಕ್ಕೆ, ಶಿರಸಿಗೆ ಬಂದು ನೋಡಲಿ. ರಕ್ತದ ಸ್ಯಾಂಪಲ್ ಕೊರಿಯರ್‌ನಲ್ಲಿ ಹೋಗಬಹುದು, ಕಾಯಿಲೆಯವರು ಹೋಗಬೇಕಾಗಿಲ್ಲ. ಅನರ್ಹ ಎಂದು ತೀರ್ಮಾನಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಲಿ. ಆ ಕಾರಣ ರೋಗದ್ದೋ ಬಡತನದ್ದೋ ಎಂಬುದು ಆಗ ಎಲ್ಲರಿಗೂ ಕಾಣುತ್ತದೆ, ಮೇಲ್ಮನವಿಗೂ ದಾರಿಯಾಗುತ್ತದೆ.

ಕೊನೆಯದಾಗಿ, ಲೆಕ್ಕ ಕೊಡಿ. ಪ್ರತಿ ವರ್ಷ ಜಿಲ್ಲಾವಾರು ಪ್ರಕಟಿಸಿ: ಸರ್ಕಾರಿ ಡಯಾಲಿಸಿಸ್‌ನಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಜನರ ಹೆಸರು ಕಾಯುವ ಪಟ್ಟಿಯಲ್ಲಿದೆ, ಮೊದಲ ಡಯಾಲಿಸಿಸ್‌ಗೂ ನೋಂದಣಿಗೂ ನಡುವೆ ಎಷ್ಟು ತಿಂಗಳು, ಎಷ್ಟು ಜನರಿಗೆ ಕಸಿಯಾಯಿತು, ಎಷ್ಟು ಜನ ಕಾಯುತ್ತಲೇ ತೀರಿಕೊಂಡರು. ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ಬೆಂಗಳೂರಿನ ಸಾಲನ್ನೂ ಉತ್ತರ ಕನ್ನಡದ ಸಾಲನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಿ. ಮುಂದಿನ ಆರ್ಥಿಕ ವರ್ಷದೊಳಗೆ ಆ ಪುಟ ಹೊರಬರಲಿ ಎಂದು ನಾವು, ಈ ಜಿಲ್ಲೆಯ ಡಯಾಲಿಸಿಸ್ ರೋಗಿಗಳ ಮನೆಯವರು, ಕೇಳುತ್ತಿದ್ದೇವೆ. ನಿಮ್ಮ ಲಿಖಿತ ಉತ್ತರಕ್ಕೆ ಕಾಯುತ್ತೇವೆ.

ಇಂತಿ,
ಕುಮಟಾ ತಾಲೂಕಿನ ಡಯಾಲಿಸಿಸ್ ರೋಗಿಯೊಬ್ಬನ ಅಕ್ಕ